ಮೂಡ್ಲ ಕಡೆ ಗಾಳಿ

ಇಂಗ್ಲಿಷಿನಲ್ಲಿ ನನ್ನ ಬಗ್ಗೆ ಬರೆದದ್ದನ್ನು ನಾನು ಮೊದಲ ಸಲ ಓದಿದ್ದು ಒಂದು ರಿಜಿಸ್ಟರಿನಲ್ಲಿ. ಆರು ಪದ ಇದ್ದವು. ನಾನು ಎಸ್ಸೆಸ್ಸೆಲ್ಸಿ ಪಾಸಾದದ್ದು ಮೂವತ್ತನಾಲ್ಕನೇ ವಯಸ್ಸಿನಲ್ಲಿ, ಮನೆಯಲ್ಲೇ ಓದಿಕೊಂಡು ಪರೀಕ್ಷೆ ಕಟ್ಟಿ. ಇಂಗ್ಲಿಷನ್ನು ಈಗಲೂ ಅಕ್ಷರ ಕೂಡಿಸಿಕೊಂಡೇ ಓದಬೇಕು. ಟೆಂಪೋ ಪಕ್ಕಕ್ಕೆ ಹಾಕಿ, ರಿಜಿಸ್ಟರನ್ನು ಸ್ಟೇರಿಂಗ್ ಮೇಲೆ ಒರಗಿಸಿ, ಬೆರಳಿಟ್ಟು ಓದಿದೆ. ರಾಂಗ್ ವಿಂಡ್ ಇನ್‌ಫರ್ಮೇಶನ್ ಬೈ ಗ್ರೌಂಡ್ ಪರ್ಸನ್. ನೆಲದ ಮೇಲಿದ್ದವನು ಗಾಳಿಯ ವಿಷಯ ತಪ್ಪು ಹೇಳಿದ ಅಂತ. ನೆಲದ ಮೇಲಿದ್ದವನು ನಾನು. ಮೇಲಿಂದ ಬಿದ್ದವರು ಬ್ಯಾಂಕಿನ ಸಾರ್. ಅವರ ಕಾಲು ಮುರಿದಿತ್ತು, ಸೊಂಟದ ಹತ್ತಿರ ಬೆನ್ನುಮೂಳೆ ಒಂದು ಕಡೆ ಕುಸಿದಿತ್ತು. ಅದಕ್ಕೆಲ್ಲ ಕಾರಣ ಆ ಆರು ಪದಗಳ ಪ್ರಕಾರ ನಾನೇ.

ನನ್ನದು ಬಾಡಿಗೆ ಟೆಂಪೋ. ಹುಟ್ಟಿದ್ದು ಗುಬ್ಬಿ ಹತ್ತಿರದ ಹಳ್ಳಿಯಲ್ಲಿ, ಈಗ ಮನೆ ತುಮಕೂರಿನ ಶೆಟ್ಟಿಹಳ್ಳಿಯಲ್ಲಿ. ಮೂರು ವರ್ಷದ ಕೆಳಗೆ ಒಂದಷ್ಟು ಜನ ಸೇರಿಕೊಂಡು ಭಾನುವಾರ ಭಾನುವಾರ ಗ್ಲೈಡರ್ ಹಾರಿಸಲು ಶುರು ಮಾಡಿದರು. ಕುಣಿಗಲ್‌ನಿಂದ ಹುತ್ರಿದುರ್ಗದ ಕಡೆ ಹೋಗುವಾಗ ಒಳದಾರಿಯಲ್ಲಿ ಸಿಗುವ ಒಂದು ಬೋಳು ಬೆಟ್ಟ ಅವರಿಗೆ ಹಿಡಿಸಿತ್ತು. ಸಾಮಾನು ಸಾಗಿಸಲು ನನ್ನನ್ನು ಕರೆದರು. ಈ ಗ್ಲೈಡರಿಗೆ ಎಂಜಿನ್ ಇಲ್ಲ. ಬಟ್ಟೆಯ ದೊಡ್ಡ ರೆಕ್ಕೆ, ರೆಕ್ಕೆಯಿಂದ ಇಳಿಬಿದ್ದ ದಾರಗಳು, ದಾರದ ತುದಿಗೆ ಒಂದು ಸೀಟು, ಸೀಟಿನಲ್ಲಿ ಮನುಷ್ಯ. ಅಷ್ಟೇ. ಬೆಟ್ಟದ ಕೆಳಗಿನ ಊರಿನವರು ಇವರನ್ನೆಲ್ಲ ಛತ್ರಿಯೋರು ಅಂತ ಕರೆಯುತ್ತಿದ್ದರು.

ಹಾರಲು ಕಲಿಸುವವರನ್ನು ನಾವು ಕ್ಯಾಪ್ಟನ್ ಅನ್ನುತ್ತಿದ್ದೆವು. ಮಿಲಿಟರಿಯಲ್ಲಿ ಇದ್ದವರೇನಲ್ಲ. ಬೆಂಗಳೂರಿನ ದಂಡು ಪ್ರದೇಶದಲ್ಲಿ ಬೆಳೆದವರು, ಕನ್ನಡ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಯಾಕೆಂದರೆ ಮುಂದೆ ಅವರ ಮೇಲೆ ನನಗೆ ಬಹಳ ಸಿಟ್ಟು ಬಂದಿದೆ. ಒಂದು ಭಾನುವಾರ ಕೆಳಗೆ ಹೊಲದಲ್ಲಿ ನಿಲ್ಲಬೇಕಾದವರು ಬರಲಿಲ್ಲ. ಕ್ಯಾಪ್ಟನ್ ವಾಕಿಟಾಕಿಯನ್ನು ನನ್ನ ಕೈಗೆ ಕೊಟ್ಟು, ಗಾಳಿ ಯಾವ ಕಡೆ ಅಂತ ಹೇಳಿದರೆ ಸಾಕು, ಮಿಕ್ಕಿದ್ದು ಅವರು ನೋಡಿಕೊಳ್ಳುತ್ತಾರೆ ಅಂದರು. ಅಂದಿನಿಂದ ಅದು ನನ್ನ ಕೆಲಸವಾಯಿತು. ನನಗೆ ಅದು ಹೆಮ್ಮೆಯ ವಿಷಯವಾಗಿತ್ತು. ಮನೆಯಲ್ಲಿ ಎರಡು ಸಲ ಹೇಳಿಕೊಂಡಿದ್ದೆ.

ಗ್ಲೈಡರ್ ಇಳಿಯುವಾಗ ಗಾಳಿಗೆ ಮುಖ ಕೊಟ್ಟು ಇಳಿಯಬೇಕು. ಎದುರು ಗಾಳಿ ಬ್ರೇಕ್ ಇದ್ದ ಹಾಗೆ. ಹಿಂದಿನಿಂದ ಗಾಳಿ ಬಂದರೆ ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದ ಗಾಡಿಯ ಹಾಗೆ, ನಿಲ್ಲಿಸುವುದು ಅವರ ಕೈಯಲ್ಲಿ ಇರುವುದಿಲ್ಲ. ಅದಕ್ಕೇ ಹೊಲದ ಮಧ್ಯೆ ಒಂದು ಕಂಬ ನೆಟ್ಟು ಗಾಳಿಚೀಲ ಕಟ್ಟಿದ್ದರು. ಎರಡೂ ಕಡೆ ಬಾಯಿರುವ ಉದ್ದನೆಯ ಬಟ್ಟೆಯ ಚೀಲ, ಗಾಳಿ ಹೋಗುವ ಕಡೆ ಬಾಲ ಚಾಚುತ್ತದೆ. ಇಳಿಯುವವರು ಅದನ್ನು ನೋಡುತ್ತಿದ್ದರು. ನಾನು ವಾಕಿಯಲ್ಲಿ ಹೇಳುತ್ತಿದ್ದೆ, ಆಮೇಲೆ ಒಂದು ಹಾಳೆಯಲ್ಲಿ ಗಾಳಿಯ ಚೌಕದೊಳಗೆ ಒಂದು ಅಕ್ಷರ ಬರೆಯುತ್ತಿದ್ದೆ. ಎರಡು ಚಳಿಗಾಲ ಹೀಗೇ ಕಳೆಯಿತು. ಯಾರಿಗೂ ಏನೂ ಆಗಲಿಲ್ಲ.

ಮೂರನೇ ಚಳಿಗಾಲಕ್ಕೆ ಗಾಳಿಚೀಲ ಬಿಸಿಲಿಗೆ ಪುಡಿಯಾಗಿತ್ತು. ಹೊಸದು ಬೇಕು ಅಂತ ಕ್ಯಾಪ್ಟನ್‌ಗೆ ಹೇಳಿದೆ. ಬೆಂಗಳೂರಿನಿಂದ ತರುತ್ತೇನೆ ಅಂದರು. ಮುಂದಿನ ವಾರ ಕೇಳಿದೆ, ಮರೆತೆ ಅಂದರು. ಅದರ ಮುಂದಿನ ವಾರ ಕೇಳಿದಾಗ, ನೀನು ಇದ್ದೀಯಲ್ಲ ಕೆಳಗೆ, ಇನ್ನೇನು ಬೇಕು ಅಂದರು. ಆಗ ನನಗೆ ಅದು ಹೊಗಳಿಕೆಯ ಹಾಗೆ ಕೇಳಿಸಿತು. ಸುಮ್ಮನಾದೆ. ಹೆಂಡತಿಯ ಹಳೇ ನೈಲಾನ್ ಸೀರೆಯಿಂದ ಒಂದು ಮೊಳ ಪಟ್ಟಿ ಹರಿದುಕೊಂಡು ಹೋಗಿ ಕಂಬಕ್ಕೆ ಕಟ್ಟಿದೆ.

ಬಿದ್ದವರ ಬಗ್ಗೆ ಹೇಳಬೇಕು. ಬ್ಯಾಂಕಿನ ಸಾರ್ ಉಡುಪಿ ಕಡೆಯವರು, ತುಮಕೂರಿಗೆ ವರ್ಗವಾಗಿ ಬಂದು ಉಪ್ಪಾರಹಳ್ಳಿಯಲ್ಲಿ ಬಾಡಿಗೆ ಮನೆಯಲ್ಲಿದ್ದರು. ನನ್ನ ಜೊತೆ ಟೆಂಪೋದ ಮುಂದಿನ ಸೀಟಿನಲ್ಲೇ ಕೂತು ಬರುತ್ತಿದ್ದರು. ಹೆಬ್ಬೂರು ದಾಟುವವರೆಗೆ ನಮ್ಮ ಮಾತನ್ನು ಅವರು ಆಡಿಕೊಳ್ಳುವುದು, ಆಮೇಲೆ ಅವರ ಮಾತನ್ನು ನಾನು ಆಡಿಕೊಳ್ಳುವುದು. ನಾನು ಐತೆ ಅಂದರೆ ಅವರು ನಗುವರು, ಅವರು ಮಾರಾಯ ಅಂದರೆ ನಾನು. ಹೀಗೆ ನಗುತ್ತಾ ಹೋಗುವಾಗ, ಒಂದೇ ಮಾತು ನಮ್ಮಿಬ್ಬರ ಬಾಯಲ್ಲಿ ಎದುರು ಬದುರು ಅರ್ಥ ಇಟ್ಟುಕೊಂಡಿರಬಹುದು ಅಂತ ಇಬ್ಬರಿಗೂ ಹೊಳೆಯಲಿಲ್ಲ.

ಆ ಭಾನುವಾರ ರಾಗಿ ಕೊಯ್ದಾಗಿತ್ತು. ಹೊಲದಲ್ಲಿ ಕೂಳೆ ಮಾತ್ರ ಇತ್ತು, ಸಾಲಿನಲ್ಲಿ ಅವರೆ ಗಿಡಗಳಿದ್ದವು. ಹೊಲದ ಒಡತಿ ಒಬ್ಬ ಅಜ್ಜಿ. ಅವಳು ಅವರೆಕಾಯಿ ಬಿಡಿಸುತ್ತಾ ನನ್ನನ್ನು ಮಾತಾಡಿಸುತ್ತಿದ್ದಳು. ಹೊಲ ಬೆಟ್ಟದ ಮೂಡಲಿಗೆ ಇದೆ. ಬೆಳಿಗ್ಗೆ ಹೊತ್ತು ತೆಳ್ಳಗೆ ಮೂಡಲಿಂದ ಗಾಳಿ ಬಂದು ಬೆಟ್ಟ ಹತ್ತುತ್ತದೆ, ಅದರ ಮೇಲೆ ಇವರು ಹಾರುತ್ತಾರೆ. ಮೊದಲ ಸುತ್ತು ಚೆನ್ನಾಗಿ ಆಯಿತು. ಹನ್ನೊಂದು ದಾಟಿದ ಮೇಲೆ ಬ್ಯಾಂಕಿನ ಸಾರ್ ಇನ್ನೊಂದು ಸಲ ಹೋಗಿಬರುತ್ತೇನೆ ಅಂತ ಮೇಲೆ ಹತ್ತಿದರು. ಕ್ಯಾಪ್ಟನ್ ಬಿಟ್ಟರು. ಮೇಲೆ ಗಾಳಿ ಇನ್ನೂ ಬೆಳಗಿನ ಹಾಗೇ ಇತ್ತಂತೆ.

ಅವರು ಹಾರಿದ ಸ್ವಲ್ಪ ಹೊತ್ತಿಗೆ ಕೆಳಗೆ ಹಾಗಿರಲಿಲ್ಲ. ಬೆಟ್ಟದ ಆಚೆ ಬದಿಯಿಂದ ಪಡುವಣ ಗಾಳಿ ಎದ್ದು, ಬೆಟ್ಟ ದಾಟಿ, ನಮ್ಮ ಹೊಲದ ಮೇಲೆ ಸುರಿಯಲು ಶುರುವಾಗಿತ್ತು. ಧೂಳು ಬೆಟ್ಟದ ಕಡೆಯಿಂದ ಬಂದು ನನ್ನ ಬೆನ್ನಿಗೆ ಹೊಡೆಯಿತು. ಸೀರೆಯ ಪಟ್ಟಿ ಕಂಬಕ್ಕೆ ಸುತ್ತಿಕೊಂಡು ನಿಂತಿತ್ತು. ಸಿಕ್ಕಿಕೊಂಡಿದೆ ಅಂತ ಅಂದುಕೊಂಡೆ, ಬಿಡಿಸಲು ಹೋಗಲಿಲ್ಲ. ಬ್ಯಾಂಕಿನ ಸಾರ್ ಆಗಲೇ ಹೊಲದ ಮೇಲಕ್ಕೆ ಬಂದು ವಾಕಿಯಲ್ಲಿ ಗಾಳಿ ಯಾವ ಕಡೆ ಅಂತ ಕೇಳಿದರು.

"ಮೂಡ್ಲ ಕಡೆ ಗಾಳಿ ಸಾರ್, ಜೋರೈತೆ" ಅಂದೆ.

"ಮೂಡುಗಾಳಿ ಅಲ್ವಾ? ಸರಿ, ಸರಿ."

"ಹೂಂ ಸಾರ್" ಅಂದೆ.

ಆ ಹೂಂ ಅನ್ನು ನಾನು ಎಷ್ಟು ಸಲ ವಾಪಸ್ಸು ತೆಗೆದುಕೊಂಡಿದ್ದೇನೋ. ಅವರು ಬೆಟ್ಟಕ್ಕೆ ಬೆನ್ನು ಮಾಡಿ, ಮೂಡಲಿಗೆ ಮುಖ ಮಾಡಿ ಇಳಿಯಲು ಬಂದರು. ಯಾಕೆ ಹೀಗೆ ತಿರುಗಿದರು ಅಂತ ನಾನು ಬಾಯಿ ಬಿಡುವಷ್ಟರಲ್ಲಿ ಗಾಳಿ ಅವರನ್ನು ಹಿಂದಿನಿಂದ ನೂಕಿಕೊಂಡು ಬರುತ್ತಿತ್ತು. ಎರಡು ತೆಂಗಿನ ಮರದೆತ್ತರದಲ್ಲಿ ರೆಕ್ಕೆಯ ಬಲಗಡೆ ಅರ್ಧ, ಒದ್ದೆ ಬಟ್ಟೆಯ ಹಾಗೆ ಮಡಚಿಕೊಂಡಿತು. ಅವರು ಒಂದು ಪಕ್ಕಕ್ಕೆ ಜೋಲಿ ಹೊಡೆದರು. ರೆಕ್ಕೆ ಮತ್ತೆ ಬಿಚ್ಚಿಕೊಂಡಿತು, ಆದರೆ ಆಗ ನೆಲ ಬಂದುಬಿಟ್ಟಿತ್ತು. ಟೆಂಪೋದಿಂದ ರಾಗಿ ಮೂಟೆ ಎಸೆದಂಥ ಸದ್ದು. ಅವರೆ ಸಾಲಿನಲ್ಲಿದ್ದ ಅಜ್ಜಿ ಎದ್ದು ನಿಂತಳು.

ಅವರ ಬೆನ್ನು ಬಗ್ಗಿಸಬಾರದು ಅಂತ ಕ್ಯಾಪ್ಟನ್ ವಾಕಿಯಲ್ಲಿ ಕೂಗುತ್ತಲೇ ಬೆಟ್ಟ ಇಳಿದು ಬಂದರು. ಅಜ್ಜಿಯ ಮನೆಯ ಹಳೇ ಬಾಗಿಲಿನ ಹಲಗೆ ತಂದು, ಅದರ ಮೇಲೆ ಮಲಗಿಸಿ, ಟೆಂಪೋದ ಹಿಂದೆ ಗ್ಲೈಡರ್ ಬ್ಯಾಗುಗಳನ್ನು ಹಾಸಿ ಇಟ್ಟೆವು. ಕುಣಿಗಲ್ ಆಸ್ಪತ್ರೆಯವರೆಗೆ ಎರಡನೇ ಗೇರ್ ದಾಟಲಿಲ್ಲ. ಕ್ಯಾಬಿನ್ ಹಿಂದಿನ ಕಿಟಕಿಯಿಂದ ಬ್ಯಾಂಕಿನ ಸಾರ್ ದನಿ ಬಂತು. ಅವರಿಗೆ ಎಷ್ಟು ನೋವಿತ್ತೋ, ಆದರೂ ತಮಾಷೆ ಬಿಟ್ಟಿರಲಿಲ್ಲ.

"ಗಾಳಿ ಹೋಗ್ಲಿ, ಹೊಂಡ ಆದ್ರೂ ಸರಿಯಾಗಿ ಹೇಳು ಮಾರಾಯ."

ಆಗ ನನಗೆ ಆ ಮಾತಿನ ಅರ್ಥ ಆಗಲಿಲ್ಲ. ಗಾಳಿ ನಾನು ಸರಿಯಾಗೇ ಹೇಳಿದ್ದೆನಲ್ಲ ಅಂತ ಅಂದುಕೊಂಡು ಹೊಂಡ ತಪ್ಪಿಸುತ್ತಾ ಹೋದೆ.

ಅರ್ಥ ಆದದ್ದು ಆಸ್ಪತ್ರೆಯ ಬೆಂಚಿನ ಮೇಲೆ. ಕ್ಯಾಪ್ಟನ್ ನನ್ನ ಪಕ್ಕ ಕೂತು, ನೀನು ಏನು ಹೇಳಿದೆ, ಇದ್ದದ್ದು ಇದ್ದ ಹಾಗೆ ಹೇಳು ಅಂದರು. ಮೂಡ್ಲ ಕಡೆ ಗಾಳಿ ಅಂದೆ ಅಂತ ಹೇಳಿದೆ. ಮೂಡ್ಲ ಅಂದರೆ ಏನು ಅಂದರು. ಈಸ್ಟ್ ಸಾರ್ ಅಂದೆ. ಗಾಳಿ ಬರುತ್ತಿದ್ದದ್ದು ವೆಸ್ಟ್‌ನಿಂದ ಅಲ್ಲವಾ ಅಂದರು. ಹೌದು ಸಾರ್, ಪಡುವಲಿಂದ ಬಂದು ಮೂಡ್ಲ ಕಡೆಗೆ ಹೋಗುತ್ತಿತ್ತು, ಅದನ್ನೇ ಅಲ್ಲವಾ ನಾನು ಹೇಳಿದ್ದು ಅಂದೆ. ಅವರು ನನ್ನ ಮುಖವನ್ನೇ ನೋಡಿದರು. ನಾನು ಅವರ ಮುಖ ನೋಡಿದೆ.

ಇಡೀ ಜಗತ್ತಿನಲ್ಲಿ ಗಾಳಿಯನ್ನು ಅದು ಬರುವ ಕಡೆಯಿಂದ ಹೆಸರಿಸುತ್ತಾರಂತೆ. ನನಗೆ ಗೊತ್ತಿರಲಿಲ್ಲ. ನಾನು ಗಾಳಿ ಕಲಿತದ್ದು ಕಣದಲ್ಲಿ. ಸ್ಕೂಲಿಗೆ ಹೋಗಬೇಕಾದ ವಯಸ್ಸಿನಲ್ಲಿ ನಾನು ನಮ್ಮವ್ವನ ಜೊತೆ ಕಂಡವರ ಕಣಗಳಲ್ಲಿ ರಾಗಿ ತೂರಲು ಹೋಗುತ್ತಿದ್ದೆ. ತೂರುವವರಿಗೆ ಗಾಳಿ ಎಲ್ಲಿಂದ ಬರುತ್ತದೆ ಅನ್ನುವುದು ಬೇಕಾಗಿಲ್ಲ, ಹೊಟ್ಟು ಯಾವ ಕಡೆಗೆ ಹೋಗಿ ಬೀಳುತ್ತದೆ ಅನ್ನುವುದು ಬೇಕು. ಆ ಕಡೆ ಯಾರೂ ಕೂರಬಾರದು, ಒಲೆ ಹಚ್ಚಬಾರದು, ಕೂಸು ಮಲಗಿಸಬಾರದು. ಮೂಡ್ಲ ಕಡೆ ಗಾಳಿ ಅಂತ ಅವ್ವ ಅಂದರೆ ನಾವು ಮೂಡಲಿನಿಂದ ಎದ್ದು ಬರುತ್ತಿದ್ದೆವು. ಬ್ಯಾಂಕಿನ ಸಾರ್ ಊರಿನವರು ಕಡಲಿನವರು. ಅವರಿಗೆ ಮೂಡುಗಾಳಿ ಅಂದರೆ ಮೂಡಿನಿಂದ ಬರುವುದು, ಅದರಲ್ಲಿ ಎರಡು ಮಾತಿಲ್ಲ. ಅವರೂ ಕನ್ನಡದಲ್ಲೇ ಕೇಳಿದರು, ನಾನೂ ಕನ್ನಡದಲ್ಲೇ ಹೇಳಿದೆ.

ಹಾಗಾದರೆ ಎರಡು ವರ್ಷ ಯಾರೂ ಯಾಕೆ ಬೀಳಲಿಲ್ಲ? ನಾನು ಇದನ್ನು ಬಹಳ ಯೋಚನೆ ಮಾಡಿದೆ. ನನ್ನ ಮಾತನ್ನು ಅಷ್ಟು ದಿನ ಯಾರೂ ಕೇಳಿಸಿಕೊಂಡೇ ಇರಲಿಲ್ಲ. ಗಾಳಿಚೀಲ ನೋಡಿಕೊಂಡು ಇಳಿಯುತ್ತಿದ್ದರು. ಎರಡು ವರ್ಷದ ಹಾಳೆಗಳಲ್ಲಿ ಗಾಳಿಯ ಚೌಕದೊಳಗೆ ನಾನು ಇ ಬರೆಯಬೇಕಾದ ಕಡೆ ಡಬ್ಲ್ಯು, ಡಬ್ಲ್ಯು ಬರೆಯಬೇಕಾದ ಕಡೆ ಇ ಬರೆದಿದ್ದೇನೆ. ಒಬ್ಬರೂ ನೋಡಿಲ್ಲ. ಚೀಲ ಹರಿದುಹೋದ ಮೇಲೆ ಮೊದಲ ಸಲ ಒಬ್ಬರು ನನ್ನ ಮಾತು ನಂಬಿ ಇಳಿದರು, ಅವರ ಕಾಲು ಮುರಿಯಿತು.

ಎರಡು ವಾರ ಹಾರಾಟ ನಿಲ್ಲಿಸಿದರು. ಆ ನಡುವೆ ಕ್ಯಾಪ್ಟನ್ ಆ ದಿನದ ವಿಷಯ ಬರೆದ ರಿಜಿಸ್ಟರನ್ನು ಕುಣಿಗಲ್‌ನಿಂದ ತುಮಕೂರಿಗೆ ನನ್ನ ಕೈಯಲ್ಲೇ ಕಳಿಸಿದರು, ಬ್ಯಾಂಕಿನ ಸಾರ್‌ಗೆ ಕೊಡು ಅಂತ. ಅವರು ಆಗ ಮನೆಗೆ ಬಂದಿದ್ದರು. ದಾರಿಯಲ್ಲಿ ಟೆಂಪೋ ನಿಲ್ಲಿಸಿ ಓದಿದ್ದು ಆಗಲೇ. ಶನಿವಾರ ಎಲ್ಲರೂ ಸಹಿ ಹಾಕಬೇಕು, ಭಾನುವಾರ ಮತ್ತೆ ಶುರು. ಸಹಿ ಬಿದ್ದರೆ ಆ ಸಾಲು ಖಾಯಂ ಆಗುತ್ತದೆ. ಇವನು ತಪ್ಪು ಹೇಳಿದ, ಇವನನ್ನು ತೆಗೆದೆವು, ಇನ್ನೊಬ್ಬನನ್ನು ನಿಲ್ಲಿಸಿದೆವು, ಮುಗಿಯಿತು ಅಂತ. ನನಗೆ ಮರ್ಯಾದೆಯ ಪ್ರಶ್ನೆ ಇತ್ತು, ಸುಳ್ಳು ಹೇಳುವುದಿಲ್ಲ. ಜೊತೆಗೆ ಇನ್ನೊಂದು ಇತ್ತು. ವಾಕಿ ಹಿಡಿಯಲು ಅವರು ಗೊತ್ತುಮಾಡಿದ್ದು ಹೊಲದ ಅಜ್ಜಿಯ ಅಳಿಯನನ್ನು.

ಅವನನ್ನು ಕುಣಿಗಲ್ ಬಸ್‌ಸ್ಟ್ಯಾಂಡ್ ಹತ್ತಿರ ಹಿಡಿದು ಟೀ ಕುಡಿಸಿದೆ. ಬೆಟ್ಟದ ಕಡೆಯಿಂದ ನಿನ್ನ ಬೆನ್ನಿಗೆ ಗಾಳಿ ಹೊಡೆದರೆ ವಾಕಿಯಲ್ಲಿ ಏನು ಹೇಳುತ್ತೀಯ ಅಂತ ಕೇಳಿದೆ. ಅವನು ಲೋಟ ಕೂಡ ಕೆಳಗಿಡಲಿಲ್ಲ.

"ಮೂಡ್ಲ ಕಡೆ ಗಾಳಿ ಅಂತೀನಿ. ಇನ್ನೇನಂತಾರೆ?"

ಆ ಕೂಡಲೇ ಕ್ಯಾಪ್ಟನ್‌ಗೆ ಫೋನ್ ಮಾಡಿದೆ. ನೀವು ಮನುಷ್ಯನನ್ನು ಬದಲಾಯಿಸಿದ್ದೀರಿ, ಮಾತನ್ನು ಬದಲಾಯಿಸಿಲ್ಲ ಅಂತ ಹೇಳಿದೆ. ಅದಕ್ಕೇನಂತೆ, ಅವನಿಗೆ ಇಂಗ್ಲಿಷಿನಲ್ಲಿ ಈಸ್ಟ್, ವೆಸ್ಟ್ ಅಂತ ಹೇಳಿಕೊಡುತ್ತೇನೆ ಅಂದರು. ಸಾರ್, ಈಸ್ಟ್ ಗಾಳಿ ಅಂದರೂ ಅದೇ ಆಗುತ್ತದೆ, ಅವನು ಹೋಗುವ ಕಡೆಯನ್ನೇ ಈಸ್ಟ್ ಅನ್ನುತ್ತಾನೆ ಅಂದೆ. "ಕಾಮನ್ ಸೆನ್ಸ್ ಅಂತ ಒಂದು ಇರುತ್ತಪ್ಪಾ" ಅಂದರು. ಆ ಕಾಮನ್ ಸೆನ್ಸಿಗೇ ಇದೆಲ್ಲ ಆದದ್ದು. ಅದನ್ನು ಹೇಳಲು ಹೋದರೆ ಅವರಿಗೆ ಮೀಟಿಂಗ್ ಇತ್ತು. ಮಾರನೇ ದಿನ ಮಾಡಿದೆ. ಬೇಕಾದರೆ ಲ್ಯಾಂಗ್ವೇಜ್ ಪ್ರಾಬ್ಲಮ್ ಅಂತ ಸೇರಿಸುತ್ತೇನೆ ಅಂದರು, ನನ್ನನ್ನು ಸಮಾಧಾನ ಮಾಡುವ ಹಾಗೆ. ನನಗೆ ಇನ್ನೂ ಉರಿಯಿತು. ನಮ್ಮವ್ವನ ಮಾತು ಹೇಗೆ ಪ್ರಾಬ್ಲಮ್ ಆಗುತ್ತದೆ? ಚೀಲ ತರಲಿಲ್ಲ ಅಂತ ಎಲ್ಲೂ ಬರೆದಿಲ್ಲವಲ್ಲ ಅಂದೆ. ಅವರು ಫೋನ್ ಇಟ್ಟುಬಿಟ್ಟರು.

ಮನೆಯಲ್ಲಿ ಹೆಂಡತಿಗೂ ಸಾಕಾಗಿತ್ತು. ಹೊಲಿಗೆ ಮಿಷನ್ ಮುಂದೆ ಕೂತವಳಿಗೆ ನಾನು ಬರುವ ಗಾಳಿ, ಹೋಗುವ ಗಾಳಿ ಅಂತ ಕೈಯಲ್ಲಿ ತೋರಿಸಿ ವಿವರಿಸುತ್ತಿದ್ದೆ. ಅವಳು ಮಿಷನ್ ನಿಲ್ಲಿಸಿದಳು.

"ಮೂರೊತ್ತೂ ಗಾಳಿ ಗಾಳಿ ಅಂತೀರ. ನಿಮ್ಗೇ ಗಾಳಿ ಮೆಟ್ಕಂಡಿರ್ಬೇಕು. ಯಾರ ಹತ್ರನಾದ್ರೂ ತಾಯತ ಕಟ್ಟಿಸ್ಕಳಿ."

ನನಗೆ ನಗು ಬರಲಿಲ್ಲ. ಅವಳಿಗೆ ಬಂತು.

ಸಾಕ್ಷಿ ಬೇಕು ಅಂತ ಶುಕ್ರವಾರ ಖಾಲಿ ಟೆಂಪೋ ಹೊಡೆದುಕೊಂಡು ಬೆಟ್ಟದ ಹೊಲಕ್ಕೆ ಹೋದೆ. ಸಾರ್ ಬಿದ್ದ ದಿನ ಅಜ್ಜಿ ಅಲ್ಲೇ ಇದ್ದಳು, ಅವಳ ಮಾತೂ ನನ್ನ ಮಾತೇ. ನಾನು ಸರಿಯಾಗೇ ಹೇಳಿದ್ದೆ ಅಂತ ಅವಳು ಒಂದು ಮಾತು ಹೇಳಿದರೆ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಕ್ಯಾಪ್ಟನ್‌ಗೆ ಕೇಳಿಸಬಹುದು ಅಂತ ನನ್ನ ಲೆಕ್ಕ. ಹೋದಾಗ ಹನ್ನೊಂದೂವರೆ. ಅಜ್ಜಿ ಹೊಲದ ಮೂಲೆಯ ಕಣದಲ್ಲಿ ಮೊರ ಹಿಡಿದು ರಾಗಿ ತೂರುತ್ತಿದ್ದಳು. ಮೊದಲು ಹೊಟ್ಟು ಮೂಡಲಿಗೆ ಹೋಯಿತು. ಇನ್ನೊಂದು ಮೊರ ಎತ್ತಿ ಸುರಿದಳು, ಹೊಟ್ಟು ಸ್ವಲ್ಪ ದೂರ ಹೋಗಿ, ತಿರುಗಿಕೊಂಡು ಬಂದು, ಅವಳ ಮುಖಕ್ಕೇ ಬಿತ್ತು. ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡು ಮೊರ ಕೆಳಗಿಟ್ಟು ನೆರಳಿಗೆ ಬಂದು ಕೂತಳು. ನಾನು ಫೋನ್ ಹಿಡಿದುಕೊಂಡು, ಆ ದಿನ ಗಾಳಿ ಯಾವ ಕಡೆ ಇತ್ತು, ನೀನೇ ಹೇಳಜ್ಜಿ ಅಂದೆ.

"ಈ ಹೊತ್ನಾಗೆ ಇಲ್ಲಿ ಯಾವ ಕಡೆ ಅಂತ ಹೇಳಾದು? ಬೆಟ್ಟದ ಮೇಲಿಂದ ಬೀಳ್ತೈತೆ, ಬಿದ್ದು ಹಿಂದಕ್ಕೆ ತಿರುಗ್ತೈತೆ. ತೂರಕ್ಕಾಗಾಕಿಲ್ಲ ಕಣಪ್ಪ. ಅವತ್ತೂ ಹಿಂಗೇ ಇತ್ತು. ನೀನೂ ನೋಡ್ದಲ್ಲ, ಒಂದ್ಸಲ ಬೆನ್ನಿಗೆ ಧೂಳು ಬಿತ್ತು, ಒಂದ್ಸಲ ಕಣ್ಣಿಗೆ ಬಿತ್ತು ಅಂತ ಕಣ್ಣು ಉಜ್ಕಂತಾ ನಿಂತಿದ್ದೆ."

ಹೌದು. ಕಣ್ಣು ಉಜ್ಜಿಕೊಂಡಿದ್ದೆ. ಎರಡು ವಾರದಿಂದ ಎಷ್ಟು ಸಲ ಆ ದಿನವನ್ನು ನೆನೆಸಿಕೊಂಡಿದ್ದರೂ ಆ ಒಂದು ನಿಮಿಷ ಮಾತ್ರ ಬಿಟ್ಟುಹೋಗಿತ್ತು. ಬ್ಯಾಂಕಿನ ಸಾರ್ ಕೇಳುವುದಕ್ಕೆ ಮುಂಚೆ ಎದುರಿನಿಂದ ಒಂದು ಸಲ ಗಾಳಿ ಬಂದು ಕಣ್ಣಿಗೆ ಮಣ್ಣು ಬಿದ್ದಿತ್ತು. ಆಮೇಲೆ ಬೆಟ್ಟದ ಕಡೆಯಿಂದ ಬಂತು, ಜೋರಾಗಿ ಬಂತು, ನಾನು ಅದನ್ನು ಹೇಳಿದೆ. ಸೀರೆಯ ಪಟ್ಟಿ ಕಂಬಕ್ಕೆ ಸುತ್ತಿಕೊಂಡದ್ದು ಸಿಕ್ಕಿಕೊಂಡು ಅಲ್ಲ. ಗಾಳಿ ಅಲ್ಲಿ ಸುತ್ತುತ್ತಿತ್ತು. ಕಣದಲ್ಲಿ ಹೀಗಾದರೆ ನಮ್ಮವ್ವ ತೂರುವುದನ್ನು ನಿಲ್ಲಿಸಿ ಕೂರುತ್ತಿದ್ದಳು. ಯಾವ ಕಡೆ ಅಂತ ಯಾರಾದರೂ ಕೇಳಿದರೆ ಯಾವ ಕಡೆಯೂ ಇಲ್ಲ ಅನ್ನುತ್ತಿದ್ದಳು. ಅದು ನನಗೆ ಗೊತ್ತಿದ್ದ ವಿಷಯ. ಆದರೆ ನನ್ನನ್ನು ಕೇಳಿದ್ದು ಯಾವ ಕಡೆ ಅಂತ, ಹಾಳೆಯಲ್ಲಿ ಇದ್ದದ್ದು ಒಂದು ಅಕ್ಷರದ ಚೌಕ, ನಾನು ಒಂದು ಕಡೆ ಹೇಳಿಬಿಟ್ಟೆ. ಅವರು ಬೆಟ್ಟಕ್ಕೆ ಮುಖ ಮಾಡಿ ಇಳಿದಿದ್ದರೂ ಆ ಸುಳಿಯಲ್ಲಿ ರೆಕ್ಕೆ ಮಡಚಿಕೊಳ್ಳುತ್ತಿತ್ತೋ ಏನೋ. ಯಾರು ಹೇಳುತ್ತಾರೆ?

ರೆಕಾರ್ಡ್ ಆಗಿದ್ದ ಅಜ್ಜಿಯ ಮಾತನ್ನು ಅಲ್ಲೇ ಅಳಿಸಲೋ ಅಂತ ಒಂದು ಸಲ ಬೆರಳು ಹೋಯಿತು. ಅಳಿಸಲಿಲ್ಲ. ಆದರೆ ಇಂಥ ಸಿಟ್ಟು ನನಗೆ ಯಾವತ್ತೂ ಬಂದಿರಲಿಲ್ಲ. ಅಷ್ಟು ದಿನ ಕ್ಯಾಪ್ಟನ್ ಮೇಲೆ ಇದ್ದದ್ದು ಈಗ ಎಲ್ಲಿಗೆ ಹೋಗಬೇಕು ಅಂತ ತಿಳಿಯದೆ ಗಾಡಿಯ ಬಾಗಿಲಿನ ಮೇಲೆ ಹೋಯಿತು. ಬಾಗಿಲು ಈಗಲೂ ಸರಿಯಾಗಿ ಕೂರುವುದಿಲ್ಲ.

ಶನಿವಾರ ಮಧ್ಯಾಹ್ನ ಉಪ್ಪಾರಹಳ್ಳಿಯ ಮನೆಯಲ್ಲಿ ಸೇರಿದೆವು. ಬ್ಯಾಂಕಿನ ಸಾರ್ ಸೊಂಟಕ್ಕೆ ಬೆಲ್ಟ್ ಹಾಕಿಕೊಂಡು, ಕಾಲನ್ನು ಸ್ಟೂಲಿನ ಮೇಲೆ ಚಾಚಿ ಕೂತಿದ್ದರು. ಮಿಕ್ಕವರ ಸಹಿ ಆಗಲೇ ಆಗಿತ್ತು. ಕ್ಯಾಪ್ಟನ್ ಪೆನ್ನು ಮುಂದೆ ಮಾಡಿದರು. ಬ್ಯಾಂಕಿನ ಸಾರ್ ಪೆನ್ನಿನ ಮುಚ್ಚಳ ತೆಗೆದು, ಇವನು ಹೇಳಿದ್ದು ಇವನ ಕನ್ನಡದಲ್ಲಿ ಸರಿಯೇ ಇತ್ತಲ್ಲ, ತಪ್ಪು ಅಂತ ಹೇಗೆ ಬರೆದಿರಿ ಅಂತ ತಾವೇ ಕೇಳಿದರು. ನಾನು ಎರಡು ವಾರದಿಂದ ಯಾರಾದರೂ ಹೇಳಲಿ ಅಂತ ಕಾಯುತ್ತಿದ್ದ ಮಾತು ಅದು. ಎರಡು ದಿನ ಮುಂಚೆ ಹೇಳಿದ್ದರೆ ನಾನು ಅವರ ಕಾಲು ಹಿಡಿಯುತ್ತಿದ್ದೆ. ಕ್ಯಾಪ್ಟನ್ ನನ್ನ ಕಡೆ ನೋಡಿ, ಸರಿಯಪ್ಪಾ, ನಿನಗೆ ಹೇಗೆ ಬೇಕೋ ಹಾಗೆ ನೀನೇ ಬರೆ, ನಾನು ಸೈನ್ ಮಾಡುತ್ತೇನೆ ಅಂದರು. ಅವರಿಗೂ ಸಾಕಾಗಿತ್ತು.

ಆ ಸಾಲಿನ ಕೆಳಗೆ ಕನ್ನಡದಲ್ಲಿ ಬರೆದೆ. ನನ್ನ ಅಕ್ಷರ ದಪ್ಪ, ನಾಲ್ಕು ಸಾಲಿಗೆ ಅರ್ಧ ಪುಟ ಹಿಡಿಯಿತು. ಇಬ್ಬರೂ ಕಾಯುತ್ತಾ ಕೂತಿದ್ದರು. ಕ್ಯಾಪ್ಟನ್‌ಗೆ ಓದಲು ಬಾರದ್ದರಿಂದ ಬ್ಯಾಂಕಿನ ಸಾರ್ ಜೋರಾಗಿ ಓದಿದರು. ಆ ಹೊತ್ತು ಹೊಲದಲ್ಲಿ ಗಾಳಿ ಬೆಟ್ಟದ ಕಡೆಯಿಂದಲೂ ಬರುತ್ತಿತ್ತು, ಎದುರಿನಿಂದಲೂ ಬರುತ್ತಿತ್ತು. ಅದು ನನಗೆ ಗೊತ್ತಾಗಿತ್ತು. ನಾನು ಒಂದೇ ಕಡೆ ಹೇಳಿದೆ. ಇಲ್ಲಿ ಇಳಿಯಬೇಡಿ ಅನ್ನಬೇಕಾಗಿತ್ತು, ಅನ್ನಲಿಲ್ಲ. ಇಷ್ಟೇ.

ಬ್ಯಾಂಕಿನ ಸಾರ್ ಎರಡನೇ ಸಲ ಮನಸ್ಸಿನಲ್ಲೇ ಓದಿಕೊಂಡರು. ಇಳಿಯಬೇಡಿ ಅಂದಿದ್ದರೆ ತಾನು ಎಲ್ಲಿಗೆ ಹೋಗಬೇಕಿತ್ತು ಅಂತ ಕೇಳಿದರು. ತೆಂಕಲ ಕಡೆ ಒಣಗಿದ ಕೆರೆ ಅಂಗಳ ಇದೆ, ಅದು ಬೆಟ್ಟದ ಮರೆಗೆ ಬೀಳುವುದಿಲ್ಲ, ಅಲ್ಲಿ ಗಾಳಿ ನೇರ ಇರುತ್ತದೆ ಅಂದೆ.

"ಕೆರೆ ನಾನು ಮೇಲಿಂದ ನೋಡಿದ್ದೆ ಮಾರಾಯ. ಬ್ಯಾಗ್ ಹೊತ್ಕೊಂಡು ಅಷ್ಟು ದೂರ ಯಾರು ನಡೀತಾರೆ ಅಂತ ಈ ಕಡೆ ಬಂದೆ."

ಹೇಳಿ ಅವರು ಸಹಿ ಹಾ‍ಕಿದರು. ಕ್ಯಾಪ್ಟನ್ ಮೇಲಿನ ಆರು ಪದಗಳನ್ನು ಹೊಡೆದುಹಾಕಲಿಲ್ಲ. ರಿಜಿಸ್ಟರಿನಲ್ಲಿ ಬರೆದದ್ದನ್ನು ಹೊಡೆಯುವಂತಿಲ್ಲವಂತೆ. ಹನ್ನೊಂದರ ಮೇಲೆ ಹೊಲದಲ್ಲಿ ಇಳಿಯಬಾರದು ಅಂತ ಒಂದು ನಿಯಮ ಮಾಡಿ ಸಾರ್ ಅಂದೆ. ನೋಡೋಣ, ಮೊದಲು ಕೆರೆಯವರ ಪರ್ಮಿಶನ್ ಕೇಳಬೇಕು, ಅದೆಲ್ಲ ಟೈಮ್ ಹಿಡಿಯುತ್ತದೆ ಅಂದರು. ವಾಕಿ ಯಾರ ಕೈಯಲ್ಲಿ ಅಂದೆ. ಅಳಿಯನಿಗೆ ಹೇಳಿಯಾಗಿದೆ, ಈಗ ಬೇಡ ಅನ್ನುವುದು ಚೆನ್ನಾಗಿರಲ್ಲ ಅಂದರು. ಗಾಳಿಚೀಲ ತಂದಿದ್ದೀರಾ ಅಂದೆ. ಕೊರಿಯರ್‌ನಲ್ಲಿ ಬರುತ್ತಿದೆ ಅಂದರು. ನಾಳೆ ಏಳಕ್ಕೆ ಟೆಂಪೋ ತರಲು ಹೇಳಿ ಎದ್ದರು.

ಏಳಕ್ಕೆ ತಂದೆ. ಬೆಳಗಿನ ಸುತ್ತು ಎಲ್ಲರೂ ಹೊಲದಲ್ಲೇ ಇಳಿದರು, ಚೆನ್ನಾಗಿ ಇಳಿದರು. ಅಳಿಯ ವಾಕಿ ಹಿಡಿದು ನನ್ನ ಪಕ್ಕ ನಿಂತಿದ್ದ, ಪ್ರತಿ ಸಲ ನನ್ನ ಮುಖ ನೋಡಿ ಹೇಳುತ್ತಿದ್ದ. ಹನ್ನೊಂದಕ್ಕೆ ಇನ್ನೂ ಮೂರು ಜನ ಮೇಲೆ ಹತ್ತಿದರು. ನಾನು ಟೆಂಪೋ ಸ್ಟಾರ್ಟ್ ಮಾಡಿ, ಬದುವಿನಿಂದ ಇಳಿಸಿ, ಕೂಳೆಯ ಮೇಲೆ ಓಡಿಸಿಕೊಂಡು ಹೋಗಿ ಹೊಲದ ನಟ್ಟನಡುವೆ ಅಡ್ಡ ನಿಲ್ಲಿಸಿದೆ. ಕೀ ಜೇಬಿಗೆ ಹಾಕಿಕೊಂಡೆ. ಮೇಲಿಂದ ನೋಡಿದವರಿಗೆ ಇಳಿಯಲು ಜಾಗ ಇರಲಿಲ್ಲ, ಅಷ್ಟು ಕಂಡರೆ ಸಾಕಾಗಿತ್ತು.

ಸ್ವಲ್ಪ ಹೊತ್ತಿಗೆ ವಾಕಿಯಲ್ಲಿ ಕ್ಯಾಪ್ಟನ್ ದನಿ ಬಂತು, ಗಾಡಿ ತೆಗೆಯಿರಿ, ಯಾರು ಅಲ್ಲಿ ನಿಲ್ಲಿಸಿದ್ದು ಅಂತ. ಅಳಿಯ ನನ್ನ ಕಡೆ ನೋಡಿದ.

"ಸ್ಟಾರ್ಟ್ ಆಯ್ತಿಲ್ಲ ಅನ್ನು" ಅಂದೆ.

ಅವನು ಹಾಗೇ ಹೇಳಿದ. ಆ ಕಡೆಯಿಂದ ಇಂಗ್ಲಿಷಿನಲ್ಲಿ ಏನೋ ಬಂತು, ಅದನ್ನು ಕೂಡಿಸಿ ಓದುವ ಹಾಗಿರಲಿಲ್ಲ. ಮೂರು ರೆಕ್ಕೆಗಳೂ ಒಂದರ ಹಿಂದೆ ಒಂದು ತೆಂಕಲಿಗೆ ತಿರುಗಿ ಕೆರೆ ಅಂಗಳದಲ್ಲಿ ಇಳಿದವು. ಆ ದಿನ ನಮ್ಮ ಹೊಲದಲ್ಲಿ ಅಂಥ ಗಾಳಿಯೇನೂ ಬೀಸಲಿಲ್ಲ. ಧೂಳು ಎದ್ದದ್ದು ಒಂದೇ ಸಲ, ಅದೂ ಸ್ವಲ್ಪ. ಅರ್ಧ ಗಂಟೆ ಕಳೆದ ಮೇಲೆ ಮೂವರೂ ಬೆವರು ಸುರಿಸುತ್ತಾ ಬ್ಯಾಗು ಹೊತ್ತುಕೊಂಡು ಬಂದರು. ಮುಳ್ಳು, ಬಿಸಿಲು, ನಾಯಿ ಅಂತ ನನ್ನನ್ನು ಬಾಯಿಗೆ ಬಂದಂತೆ ಬೈದರು. ನಾನು ಬ್ಯಾಗುಗಳನ್ನು ಎತ್ತಿ ಹಿಂದೆ ಹಾಕಿದೆ. ಎಲ್ಲರೂ ಹತ್ತಿ ಕೂತ ಮೇಲೆ ಕೀ ತಿರುಗಿಸಿದೆ. ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.